ಮ್ಯಾಕ್, ಓ, ನೀ: ಐರಿಷ್ ಸರ್‌ನೇಮ್‌ಗಳ ಅರ್ಥ ಎಲ್ಲಿ ಹುಡುಕಬೇಕು?

ಪ್ರಶ್ನೆ: ನಾವು ಕೆಲಸದ ಸಲುವಾಗಿ ಡಬ್ಲಿನ್‌ಗೆ ಬಂದು ನೆಲೆಸಿದ ಕನ್ನಡಿಗರು. ಇಲ್ಲಿ ಯಾರ ಹೆಸರು ನೋಡಿದರೂ ಮ್ಯಾಕ್, ಇಲ್ಲವೇ ಓ. ಮ್ಯಾಕ್ ಅಂದರೆ ಮಗ ಅಂತೆ. ನಮ್ಮ ‘ಮಗ’ನಿಗೂ ಅದಕ್ಕೂ ಏನಾದರೂ ನಂಟಿದೆಯೇ? ನನ್ನ ಮಗಳ ತರಗತಿಯ ಹುಡುಗಿಯ ಸರ್‌ನೇಮ್ ‘ನೀ’ ಎಂದು ಶುರುವಾಗುತ್ತದೆ, ಅವಳ ಅಣ್ಣನದು ‘ಓ’ ಎಂದು. ಒಂದೇ ಮನೆಯಲ್ಲಿ ಎರಡು ಸರ್‌ನೇಮ್ ಹೇಗೆ? ಇನ್ನೊಂದು ವಿಷಯ. ನನ್ನ ಸಹೋದ್ಯೋಗಿಯೊಬ್ಬರ ಸರ್‌ನೇಮ್ ಕಿಂಗ್. ಗಾಲ್ವೇ ಸೀಮೆಯ ಕಾನಮಾರಾದವರು. ‘ನಾವು ಇಂಗ್ಲಿಷರಲ್ಲ, ನಮ್ಮ ನಿಜವಾದ ಹೆಸರೇ ಬೇರೆ’ ಎನ್ನುತ್ತಾರೆ. ಇದರ ಅರ್ಥವೇನು?

ಉತ್ತರ: ಮೊದಲು ‘ಮಗ’ನ ವಿಷಯ ಮುಗಿಸೋಣ. ಕನ್ನಡದವರಿಗೆ ಈ ಅನುಮಾನ ಬಂದೇ ಬರುತ್ತದೆ. ನಂಟಿಲ್ಲ, ಅದು ಬರೀ ಕಾಕತಾಳೀಯ. ಆದರೆ ಹೇಗೆ ಗೊತ್ತು ಅನ್ನುವುದು ತಿಳಿದುಕೊಳ್ಳುವಂಥದ್ದು.

ಐರ್ಲೆಂಡಿನಲ್ಲಿ ಓಗಮ್ ಎಂಬ ಹಳೆಯ ಲಿಪಿಯ ಕಲ್ಲುಗಳಿವೆ. ಕಲ್ಲಿನ ಅಂಚಿನ ಗುಂಟ ಉದ್ದ, ಗಿಡ್ಡ, ಓರೆ ಗೀರುಗಳನ್ನು ಕೊರೆದು ಬರೆಯುವ ಲಿಪಿ ಅದು. ಇಂಥ ಕಲ್ಲುಗಳಲ್ಲಿ ಹೆಚ್ಚಿನವು ಕ್ರಿ.ಶ. 5 ಮತ್ತು 6ನೇ ಶತಮಾನದವು. ಕೆರಿ, ಕಾರ್ಕ್, ವಾಟರ್‌ಫರ್ಡ್ ಸೀಮೆಗಳಲ್ಲಿ ಜಾಸ್ತಿ ಸಿಗುತ್ತವೆ. ಕಾರ್ಕ್ ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಮೊಗಸಾಲೆಯಲ್ಲಿ ಒಂದಷ್ಟನ್ನು ಸಾಲಾಗಿ ನಿಲ್ಲಿಸಿದ್ದಾರೆ, ಹೋದಾಗ ನೋಡಿ. ಅವುಗಳ ಮೇಲಿನ ಬರಹ ತೀರಾ ಚಿಕ್ಕದು. ಇಂಥವನ ಮಗನಾದ ಇಂಥವನದು ಈ ಕಲ್ಲು, ಅಷ್ಟೇ. ‘ಮಗನ’ ಅನ್ನುವುದಕ್ಕೆ ಅಲ್ಲಿರುವ ಮಾತು ‘ಮಕ್ವಿ’. ಅಂದರೆ ಮೂಲದಲ್ಲಿ ಇದ್ದದ್ದು ‘ಕ್’ ಅಲ್ಲ, ‘ಕ್ವ್’. ಐರಿಷ್ ಮಾತಿನಲ್ಲಿ ಆ ಕ್ವ್ ಮುಂದೆ ಕ್ ಆಯಿತು. ಅಕ್ಕಪಕ್ಕದ ವೆಲ್ಷ್ ಭಾಷೆಯಲ್ಲಿ ಅದೇ ಧ್ವನಿ ಪ್ ಆಗಿ, ಬ್ ಆಯಿತು. ಹಾಗಾಗಿ ವೇಲ್ಸ್‌ನಲ್ಲಿ ಮಗನಿಗೆ ‘ಮಾಬ್’ ಎನ್ನುತ್ತಾರೆ. ತಲೆಗೆ ಐರಿಷ್‌ನಲ್ಲಿ ‘ಕ್ಯಾನ್’, ವೆಲ್ಷ್‌ನಲ್ಲಿ ‘ಪೆನ್’. ಅದೂ ಇದೇ ಜಾಡು. ನಮ್ಮ ಮಗ, ಮಗಳು, ಮಗು, ಮಕ್ಕಳು, ತಮಿಳಿನ ಮಗನ್, ತುಳುವಿನ ಮಗೆ, ಇವೆಲ್ಲ ಬೇರೆಯದೇ ಬೇರಿನಿಂದ ಬಂದವು. ಹಿಂದಕ್ಕೆ ಹೋದಷ್ಟೂ ಎರಡೂ ದೂರವಾಗುತ್ತವೆ, ಹತ್ತಿರವಾಗುವುದಿಲ್ಲ. ನಂಟಿಲ್ಲ ಎನ್ನಲು ಅದೇ ಗಟ್ಟಿ ಸಾಕ್ಷಿ.

ಅದೇ ಕಲ್ಲುಗಳಲ್ಲಿ ‘ಅವಿ’ ಎಂಬ ಇನ್ನೊಂದು ಮಾತೂ ಸಿಗುತ್ತದೆ. ಮೊಮ್ಮಗನ ಅಥವಾ ವಂಶದವನ ಎಂದು ಅದರ ಅರ್ಥ. ಅದು ಸವೆದು ‘ಊಅ’ ಆಯಿತು, ಇನ್ನೂ ಸವೆದು ‘ಓ’ ಆಯಿತು. ನೀವು ದಿನಾ ನೋಡುವ ಓ’ಬ್ರಯನ್, ಓ’ನೀಲ್‌ಗಳ ‘ಓ’ ಇದೇ. ಅದರ ಪಕ್ಕದಲ್ಲಿ ಮೇಲೆ ಹಾಕುವ ಚುಕ್ಕೆ ಇಂಗ್ಲಿಷ್ ಬರವಣಿಗೆಯಿಂದ ಬಂದದ್ದು. ಐರಿಷ್‌ನಲ್ಲಿ ಚುಕ್ಕೆ ಇಲ್ಲ. ಓ ಅಕ್ಷರದ ನೆತ್ತಿಯ ಮೇಲೆ ದೀರ್ಘದ ಗೆರೆ ಇದೆ, ಆಮೇಲೆ ಖಾಲಿ ಜಾಗ, ಆಮೇಲೆ ಹೆಸರು.

ಮೊದಮೊದಲು ಇವು ಮನೆತನದ ಹೆಸರುಗಳೇ ಆಗಿರಲಿಲ್ಲ. 1014ರಲ್ಲಿ ನಿಮ್ಮ ಡಬ್ಲಿನ್ ಪಕ್ಕದ ಕ್ಲಾಂಟಾರ್ಫ್ ಯುದ್ಧದಲ್ಲಿ ಸತ್ತ ರಾಜ ಬ್ರಯನ್ ಬೋರುವನ್ನು ತೆಗೆದುಕೊಳ್ಳಿ. ಅವನ ಹೆಸರು ಬ್ರಯನ್ ಮಕ್ ಕೆನ್ನೇಟಿಗ್. ಕೆನ್ನೇಟಿಗ್ ಅವನ ಸ್ವಂತ ಅಪ್ಪ. ಅವನ ಮಕ್ಕಳು ಮಕ್ ಬ್ರಯನ್ ಆದರು. ಹೀಗೆ ತಲೆಮಾರಿಗೊಮ್ಮೆ ಹೆಸರು ಬದಲಾಗುತ್ತಿತ್ತು. ಆದರೆ ಅವನ ಮೊಮ್ಮಕ್ಕಳ ಕಾಲಕ್ಕೆ ‘ಬ್ರಯನ್‌ನ ಮೊಮ್ಮಗ’ ಎನ್ನಿಸಿಕೊಳ್ಳುವುದೇ ದೊಡ್ಡ ಮಾತಾಯಿತು. ಆಮೇಲಿನವರು ಅದನ್ನು ಬಿಡಲಿಲ್ಲ. ಓ ಬ್ರಯನ್ ಅಲ್ಲಿಗೆ ನಿಂತಿತು. ಓ’ನೀಲ್ ಮನೆತನವೂ ಹಾಗೇ. 919ರಲ್ಲಿ ಡಬ್ಲಿನ್ ಹತ್ತಿರ ವೈಕಿಂಗರ ಜೊತೆ ಕಾದಾಡಿ ಸತ್ತ ನೀಲ್ ಗ್ಲೂನ್‌ಡೂ ಎಂಬ ರಾಜನ ಹೆಸರು ಅದು. ಇದಕ್ಕೂ ಮುಂಚೆ, 916ರಲ್ಲಿ, ಗಾಲ್ವೇ ಕಡೆಯ ಊಅ ಕ್ಲೇರಿ ಎಂಬ ಒಡೆಯನ ಸಾವನ್ನು ವರ್ಷವರ್ಷದ ಘಟನೆಗಳನ್ನು ಬರೆದಿಟ್ಟ ಹಳೆಯ ಐರಿಷ್ ಗ್ರಂಥಗಳು ದಾಖಲಿಸಿವೆ. ಈಗಿನ ಕ್ಲಿಯರಿ ಎಂಬ ಸರ್‌ನೇಮ್ ಅದೇ. ಯುರೋಪಿನಲ್ಲೇ ಬಹಳ ಮುಂಚೆ ಗಟ್ಟಿಯಾದ ಮನೆತನದ ಹೆಸರುಗಳಲ್ಲಿ ಇದೊಂದು. ಮ್ಯಾಕ್ ಹೆಸರುಗಳು ಹೆಚ್ಚಾಗಿ ಸ್ವಲ್ಪ ಆಮೇಲೆ ನೆಲೆಯಾದವು.

ಈಗ ಅಣ್ಣ ತಂಗಿಯ ಪ್ರಶ್ನೆ. ಆ ಮನೆಯಲ್ಲಿ ಇರುವುದು ಎರಡು ಸರ್‌ನೇಮ್ ಅಲ್ಲ, ಒಂದೇ. ‘ಓ’ ಅಂದರೆ ಮೊಮ್ಮಗ, ವಂಶದ ಗಂಡು. ಹುಡುಗಿಗೆ ಅದನ್ನು ಹೇಗೆ ಹೇಳುವುದು? ‘ಓ ಮನೆಯವನ ಮಗಳು’ ಎನ್ನಬೇಕು. ಐರಿಷ್‌ನಲ್ಲಿ ಅದು ‘ಇನೀನ್ ಈ’. ಬಾಯಲ್ಲಿ ಸವೆದು ‘ನೀ’ ಆಗಿದೆ. ಮ್ಯಾಕ್ ಮನೆಯ ಹುಡುಗಿಯಾದರೆ ‘ನಿಕ್’. ಇಷ್ಟೇ ಆಗಿದ್ದರೆ ಸುಲಭವಿತ್ತು. ನೀ ಬಂದಾಗ ಮುಂದಿನ ಅಕ್ಷರವೂ ಮೆತ್ತಗಾಗುತ್ತದೆ. ಬ್ ಇದ್ದದ್ದು ವ್ ಆಗುತ್ತದೆ. ಗಾಯಕಿ ಎನ್ಯಾ ಗೊತ್ತಲ್ವಾ? ಅವರ ಮನೆತನ ಓ ಬ್ರೀನಾನ್, ಇಂಗ್ಲಿಷ್‌ನಲ್ಲಿ ಬ್ರೆನನ್. ಅವರ ಐರಿಷ್ ಹೆಸರು ಮಾತ್ರ ಎಹ್ನ್ಯ ನೀ ವ್ರೀನಾನ್. ಮದುವೆಯಾದ ಹೆಂಗಸು ಗಂಡನ ಮನೆತನದ ಹೆಸರು ಇಟ್ಟುಕೊಂಡರೆ ಮತ್ತೊಂದು ರೂಪ. ಓ ಇದ್ದಲ್ಲಿ ‘ಈ’, ಮ್ಯಾಕ್ ಇದ್ದಲ್ಲಿ ‘ವಿಕ್’. ಆದರೆ ಹಿಂದಿನ ಕಾಲದ ಗೇಲಿಕ್ (ಐರಿಷ್ ಮತ್ತು ಅದರ ಸೋದರ ಭಾಷೆಗಳನ್ನಾಡುವ ಐರ್ಲೆಂಡ್, ಸ್ಕಾಟ್ಲೆಂಡ್, ಮ್ಯಾನ್ ದ್ವೀಪದ ಜನರ) ಊರುಗಳಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರಿನಲ್ಲೇ ಗುರುತಾಗುತ್ತಿದ್ದರು. ಇಂಗ್ಲಿಷ್ ಪದ್ಧತಿ ಬಂದ ಮೇಲೆ ಅಣ್ಣನಿಗೂ ತಂಗಿಗೂ ಅಮ್ಮನಿಗೂ ಒಂದೇ ಅಚ್ಚು ಬಿತ್ತು. ನಿಮ್ಮ ಮಗಳ ಗೆಳತಿಯ ಮನೆಯವರು ಹಳೆಯ ವ್ಯಾಕರಣವನ್ನು ಉಳಿಸಿಕೊಂಡಿದ್ದಾರೆ. ಆ ಹೆಸರನ್ನು ಶಾಲೆಯಲ್ಲಿ ಯಾರಾದರೂ ತಪ್ಪು ಅಂದುಕೊಂಡು ತಿದ್ದಲು ಹೋದರೆ ತಡೆಯಿರಿ.

ನಿಮ್ಮ ಸಹೋದ್ಯೋಗಿ ಹೇಳಿದ ‘ನಿಜವಾದ ಹೆಸರು’ ಎಂಬ ಮಾತೇ ಈ ಇಡೀ ವಿಷಯದ ಬೀಗದ ಕೈ. ಇಂದು ನಾವು ನೋಡುವ ಐರಿಷ್ ಸರ್‌ನೇಮ್‌ಗಳಲ್ಲಿ ಬಹುಪಾಲು ಗುಮಾಸ್ತರ ಕಿವಿಯ ದಾಖಲೆ. ಹೇಳುವವನ ಭಾಷೆ ಐರಿಷ್. ಬರೆಯುವವನಿಗೆ ಬರುವುದು ಇಂಗ್ಲಿಷ್. ಕೇಳಿದ್ದನ್ನು ತನಗೆ ತೋಚಿದ ಹಾಗೆ ಬರೆದುಕೊಂಡ. ಪಕ್ಕದ ಸೀಮೆಯ ಗುಮಾಸ್ತ ಅದೇ ಹೆಸರನ್ನು ಇನ್ನೊಂದು ಥರ ಬರೆದ. ಹಾಗಾಗಿ ಇಂಗ್ಲಿಷ್ ರೂಪವನ್ನು ಬಿಡಿಸಿ ಅರ್ಥ ಹುಡುಕಿದರೆ ದಾರಿ ತಪ್ಪುವುದು ಖಂಡಿತ.

ಒಂದು ಹೆಸರನ್ನೇ ನೋಡಿ. ಹಳೆಯ ಐರಿಷ್‌ನಲ್ಲಿ ‘ಏಧ್’ ಎಂಬ ಗಂಡಸಿನ ಹೆಸರು ಬಹಳ ಬಳಕೆಯಲ್ಲಿತ್ತು. ಬೆಂಕಿ ಎಂದು ಅರ್ಥ. ಸಂಸ್ಕೃತದ ‘ಸಮಿಧೆ’ಯ ಒಳಗಿರುವ ‘ಇಧ್’ ಧಾತುವಿಗೂ ಇದಕ್ಕೂ ಮೂಲ ಒಂದೇ. ‘ಮಗ’ನ ವಿಷಯದಲ್ಲಿ ಸಿಗದ ನಂಟು ಇಲ್ಲಿ ನಿಜವಾಗಿ ಇದೆ. ಮುಂದೆ ಆ ಹೆಸರಿನ ಕೊನೆಯ ವ್ಯಂಜನ ಉದುರಿ ಕೆಲವು ಕಡೆ ಏ, ಕೆಲವು ಕಡೆ ಈ ಎಂದು ಕೇಳತೊಡಗಿತು. ಅವನ ಮಗ ‘ಮಕ್ ಈ’. ಇದನ್ನು ಬರೆದವರು ಮೆಕ್ಕೇ ಎಂದರು, ಮೆಕ್ಕೀ ಎಂದರು, ಮೆಗೀ ಎಂದರು, ಮೆಕ್ಕಾಯ್ ಎಂದರು. ಏಧ್ ಅನ್ನು ಇಂಗ್ಲಿಷಿನ ಹ್ಯೂ ಜೊತೆ ಸರಿಹೊಂದಿಸಿ ಮೆಕ್‌ಹ್ಯೂ ಎಂದರು, ಹ್ಯೂಸ್ ಎಂದರು. ಅವನ ಮೊಮ್ಮಗನ ಕಡೆಯವರು ಹೇಯ್ಸ್ ಆದರು, ಕಾರ್ಕ್ ಕಡೆ ಓ’ಹೇ ಆದರು. ಇಷ್ಟೂ ಹೆಸರುಗಳ ಒಳಗಿರುವುದು ಒಂದೇ ಬೆಂಕಿ. ಆದರೆ ಅವರೆಲ್ಲ ಒಂದೇ ಮನೆಯವರಲ್ಲ. ಏಧ್ ಎಂಬ ಹೆಸರಿನ ಅಜ್ಜಂದಿರು ಊರೂರಿಗೂ ಇದ್ದರು.

ಹೇಯ್ಸ್‌ನಲ್ಲಿ ಹ್ ಎಲ್ಲಿಂದ ಬಂತು ಎಂದು ಕೇಳುತ್ತೀರಿ ಅಲ್ವಾ? ಓ ಆದಮೇಲೆ ಸ್ವರ ಬಂದರೆ ನಡುವೆ ಹ್ ಸೇರಿಸಬೇಕೆಂಬುದು ಐರಿಷ್ ವ್ಯಾಕರಣ. ಮುಂದೆ ಓ ಬಿದ್ದುಹೋಯಿತು, ಹ್ ಅಂಟಿಕೊಂಡು ಉಳಿಯಿತು. ಹೋಗನ್, ಹಿಗಿನ್ಸ್, ಹಿಕಿ, ಇವುಗಳ ಮೊದಲಕ್ಷರವೂ ಹೀಗೆ ಬಂದದ್ದೇ. ಅದೇ ರೀತಿ ಮ್ಯಾಕ್‌ನ ಕೊನೆಯ ಅಕ್ಷರ ಮಾತ್ರ ಉಳಿದ ಹೆಸರುಗಳಿವೆ. ನಿಮ್ಮೂರಿನ ಗಿನ್ನೆಸ್ ಎಂಬ ಹೆಸರು ‘ಮಗ್ ಏಂಗಸ್’, ಅಂದರೆ ಏಂಗಸ್‌ನ ಮಗ. ಐರ್ಲೆಂಡಿಗೂ ಇಂಗ್ಲೆಂಡಿಗೂ ನಡುವಿನ ಮ್ಯಾನ್ ದ್ವೀಪದಲ್ಲಂತೂ ಇದು ಇಡೀ ದ್ವೀಪದ ಚಾಳಿ. ಅಲ್ಲಿನ ಹಳೆಯ ಮನೆತನಗಳ ಹೆಸರು ನೋಡಿ: ಕ್ವಿಲಿಯಮ್, ಕರ್ಮೋಡ್, ಕೋರ್ಕಿಲ್, ಕ್ವೇಲ್. ಇವು ಮಕ್ ವಿಲಿಯಮ್, ಮಕ್ ಡರ್ಮಟ್, ಮಕ್ ತೋರ್ಕೆಲ್, ಮಕ್ ಪಾಲ್‌ಗಳಿಂದ ಬಂದವು.

ಬೆಂಗಳೂರಿನವರಿಗೆ ಒಂದು ಮಾತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇದೇ ಮ್ಯಾನ್ ದ್ವೀಪದವರು. ಕಬ್ಬನ್ ಎಂಬುದು ಮಕ್ ಗಿಬನ್‌ನ ಸವೆದ ರೂಪ. ಗಿಬನ್ ಎಂಬುವವನ ಮಗ ಎಂದರ್ಥ. ಊರಿಗೆ ವಾಪಸ್ ಹೊರಟ ಕಬ್ಬನ್ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ದ್ವೀಪದ ಮೊಹೋಲ್ಡ್ ಚರ್ಚಿನ ಅಂಗಳದಲ್ಲಿದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯನ್ನೆಲ್ಲ ಅಳೆಸಿ, ಕೈಫಿಯತ್ತುಗಳನ್ನೂ ಶಾಸನಗಳ ನಕಲುಗಳನ್ನೂ ಕೂಡಿಸಿದ ಕಾಲಿನ್ ಮೆಕೆಂಝಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವರು. ಮೆಕೆಂಝಿ ಅಂದರೆ ಕೊನ್ಯಖ್‌ನ ಮಗ. ಕೊನ್ಯಖ್ ಎಂದರೆ ಚೆಲುವ. ಆ ಹೆಸರಿನಲ್ಲಿ ಝ್ ಧ್ವನಿ ಇರಲೇ ಇಲ್ಲ. ಹಳೆಯ ಸ್ಕಾಟ್ ಬರವಣಿಗೆಯಲ್ಲಿ ಯ್ ಧ್ವನಿಗೆ ಇದ್ದ ಒಂದು ಅಕ್ಷರ ನೋಡಲು ಝ್‌ನಂತೆ ಕಾಣುತ್ತಿತ್ತು. ಅಚ್ಚು ಮೊಳೆ ಜೋಡಿಸುವವರು ಝ್ ಹಾಕಿದರು. ಜನ ಅಚ್ಚಿನಲ್ಲಿ ಕಂಡಂತೆ ಓದಿದರು.

ಅರ್ಥಗಳ ಬಗ್ಗೆ ಈಗ. ಹೆಚ್ಚಿನ ಹೆಸರುಗಳಲ್ಲಿ ಸಿಗುವುದು ಮೂಲಪುರುಷನ ಸ್ವಂತ ಹೆಸರಿನ ಅರ್ಥ, ಮನೆತನದ ಗುಣ ಅಲ್ಲ. ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜನರಿಗಿರುವ ಸರ್‌ನೇಮ್ ಮರ್ಫಿ. ಅದರೊಳಗೆ ಇರುವುದು ಕಡಲು ಮತ್ತು ಕಾಳಗ. ಹಾಗೆಂದು ಮರ್ಫಿಗಳೆಲ್ಲ ಕಡಲ ವೀರರಲ್ಲ. ಎಂದೋ ಒಬ್ಬ ಮಗುವಿಗೆ ಆ ಹೆಸರಿಟ್ಟಿದ್ದರು, ಅಷ್ಟೇ. ಮೆಕ್‌ಡೊನಾಲ್ಡ್‌ನಲ್ಲಿರುವ ಡೊನಾಲ್ಡ್ ಅಂದರೆ ಜಗತ್ತನ್ನು ಆಳುವವನು. ಮೆಕ್‌ಮಹೋನ್‌ನಲ್ಲಿ ಕರಡಿ ಇದೆ. ಮೆಕ್‌ನಮಾರಾ ಅಂದರೆ ಕಡಲ ಬೇಟೆನಾಯಿಯ ಮಗ. ನಾಯಿ ಎಂದರೆ ಬೈಗುಳವಲ್ಲ. ಗೇಲಿಕ್ ಕಥೆಗಳಲ್ಲಿ ಬೇಟೆನಾಯಿ ಎಂದರೆ ವೀರ. ಅವರ ಪುರಾಣದ ಮಹಾವೀರ ಕೂ ಖುಲಿನ್‌ನ ಹೆಸರಿನ ಮೊದಲ ಭಾಗವೇ ಬೇಟೆನಾಯಿ.

ಮೈಕಟ್ಟು, ಮುಖ ನೋಡಿ ಇಟ್ಟ ಹೆಸರುಗಳೂ ಇವೆ. ಸ್ಕಾಟ್ಲೆಂಡಿನ ಕ್ಯಾಂಪ್‌ಬೆಲ್ ಅಂದರೆ ಸೊಟ್ಟ ಬಾಯಿ, ಕ್ಯಾಮರೂನ್ ಅಂದರೆ ಸೊಟ್ಟ ಮೂಗು. ಅಮೆರಿಕದ ಅಧ್ಯಕ್ಷರ ಮನೆತನದಿಂದ ಜಗತ್ತಿಗೆಲ್ಲ ಗೊತ್ತಾದ ಕೆನಡಿ, ಬ್ರಯನ್ ಬೋರುವಿನ ಅಪ್ಪನ ಹೆಸರಾದ ಕೆನ್ನೇಟಿಗ್‌ನ ಇನ್ನೊಂದು ರೂಪ. ಅದನ್ನು ಶಿರಸ್ತ್ರಾಣದ ತಲೆ ಎಂದು ಕೆಲವರು ಬಿಡಿಸುತ್ತಾರೆ, ಕುರೂಪದ ತಲೆ ಎಂದು ಇನ್ನು ಕೆಲವರು. ಸ್ಮರಣಿಕೆ ಅಂಗಡಿಗಳಲ್ಲಿ ಸರ್‌ನೇಮ್ ಬರೆದ ಫಲಕ, ಕಾಫಿ ಲೋಟ ಮಾರುತ್ತಾರಲ್ಲ, ಅವುಗಳ ಮೇಲೆ ಚೆಂದದ ಅರ್ಥವನ್ನೇ ಅಚ್ಚು ಹಾಕಿರುತ್ತಾರೆ. ಅದನ್ನೇ ನಂಬಬೇಡಿ.

ನನಗೆ ತುಂಬಾ ಇಷ್ಟವಾದವು ಕಸುಬಿನ ಹೆಸರುಗಳು. ಕುಲಕರ್ಣಿ, ದೇಸಾಯಿ ಎನ್ನುವಾಗ ನಮ್ಮ ಕಡೆ ಒಂದು ಕಾಲದ ಆಡಳಿತವೇ ಕಣ್ಣಿಗೆ ಬರುವ ಹಾಗೆ, ಇವುಗಳಲ್ಲಿ ಗೇಲಿಕ್ ಸಮಾಜ ಕಾಣುತ್ತದೆ. ಮೆಕ್‌ಇಂಟಾಯರ್, ಮೆಕಟೀರ್ ಅಂದರೆ ಬಡಗಿಯ ಮಗ. ಮೆಕ್‌ಗವನ್ ಕಮ್ಮಾರನ ಮಗ. ಹಿಕಿ ವೈದ್ಯರ ಮನೆತನ. ವಾರ್ಡ್ ಎಂಬುದು ಇಂಗ್ಲಿಷ್‌ನಲ್ಲಿ ಕಾವಲುಗಾರ ಎಂದು ಕಂಡರೂ ಐರ್ಲೆಂಡಿನಲ್ಲಿ ಹೆಚ್ಚಾಗಿ ‘ಮಕ್ ಅನ್ ವಾರ್ಡ್’, ಆಸ್ಥಾನ ಕವಿಯ ಮಗ. ಮೆಕ್‌ಟ್ಯಾಗರ್ಟ್ ಪಾದ್ರಿಯ ಮಗ, ಮೆಕ್‌ನ್ಯಾಬ್ ಮಠಾಧಿಪತಿಯ ಮಗ. ಪಾದ್ರಿಗೂ ಮಠಾಧಿಪತಿಗೂ ಮಗನೆಲ್ಲಿಂದ ಎಂದು ಆಶ್ಚರ್ಯವಾಗಬಹುದು. ಹಳೆಯ ಗೇಲಿಕ್ ಚರ್ಚಿನಲ್ಲಿ ಮದುವೆಯಾದ ಪಾದ್ರಿಗಳಿದ್ದರು, ಮಠದ ಅಧಿಕಾರ ಅಪ್ಪನಿಂದ ಮಗನಿಗೆ ಹೋಗುವುದೂ ಇತ್ತು. ಸಂತರ ಭಕ್ತಿಯಿಂದ ಬಂದ ಹೆಸರುಗಳು ಇನ್ನೊಂದು ಬಗೆ. ‘ಗಿಲ್ಲ’ ಅಂದರೆ ಸೇವಕ. ಗಿಲ್ಮೋರ್ ಮೇರಿಯ ಸೇವಕ, ಗಿಲೆಸ್ಪಿ ಬಿಷಪ್ಪನ ಸೇವಕ. ‘ಮೀಲ್’ ಅಂದರೆ ತಲೆ ಬೋಳಿಸಿದ ಭಕ್ತ. ಮಲೋನ್ ಸಂತ ಜಾನ್‌ನ ಭಕ್ತ.

ಹೊರಗಿನಿಂದ ಬಂದವರೂ ಇದೇ ಅಚ್ಚಿನೊಳಗೆ ಸೇರಿದರು. ವೈಕಿಂಗ್ ಓಲಾಫ್‌ನ ಮಗ ಮೆಕಾಲೆ. ನಮ್ಮ ಶಿಕ್ಷಣದ ಚರ್ಚೆಯಲ್ಲಿ ಬರುವ ಥಾಮಸ್ ಮೆಕಾಲೆಯ ಹಿರಿಯರು ಲೂಯಿಸ್ ದ್ವೀಪದ ಆ ಕುಲದವರು. ಡಾಯ್ಲ್ ಅಂದರೆ ಕಪ್ಪು ಪರದೇಶಿಯ ವಂಶ. 1169ರ ನಂತರ ನಾರ್ಮನ್ನರು ಬಂದರು. ಅವರ ಫ್ರೆಂಚ್‌ನಲ್ಲಿ ಮಗನಿಗಿದ್ದ ಮಾತು ‘ಫಿಟ್ಸ್’ ಆಯಿತು, ಫಿಟ್ಸ್‌ಜೆರಾಲ್ಡ್ ಹುಟ್ಟಿತು. ಆದರೆ ಫಿಟ್ಸ್‌ಪ್ಯಾಟ್ರಿಕ್ ನಾರ್ಮನ್ ಅಲ್ಲ, ಅದು ಮಕ್ ಗಿಲ್ಲ ಫಾಡ್ರಿಗ್ ಎಂಬ ಅಚ್ಚ ಐರಿಷ್ ಹೆಸರು. ವಾಲ್ಶ್ ಅಂದರೆ ವೇಲ್ಸ್‌ನಿಂದ ಬಂದವನು. 1890ರ ಜನನ ನೋಂದಣಿ ಆಧರಿಸಿ ಮಾಡಿದ ಪಟ್ಟಿಯಲ್ಲಿ ಮರ್ಫಿ, ಕೆಲಿ, ಸಲಿವನ್ ಆದಮೇಲೆ ನಾಲ್ಕನೆಯದು ವಾಲ್ಶ್, ಐದನೆಯದು ಸ್ಮಿತ್. ಆ ಸ್ಮಿತ್‌ಗಳಲ್ಲಿ ಎಷ್ಟೋ ಮಂದಿ, ಅದರಲ್ಲೂ ಕ್ಯಾವನ್ ಸೀಮೆಯವರು, ನಾನು ಮೇಲೆ ಹೇಳಿದ ಕಮ್ಮಾರನ ಮಕ್ಕಳೇ. ಹೆಸರನ್ನು ಇಂಗ್ಲಿಷ್‌ಗೆ ಬದಲಿಸಿಕೊಂಡಿದ್ದಾರೆ.

ಬದಲಿಸಿಕೊಂಡದ್ದು ಯಾಕೆ? ಕೆಲವೊಮ್ಮೆ ಕಾನೂನೇ ಬೆನ್ನು ಹತ್ತಿತ್ತು. 1465ರಲ್ಲಿ ಡಬ್ಲಿನ್ ಸುತ್ತಮುತ್ತ ಇಂಗ್ಲಿಷರ ಆಳ್ವಿಕೆ ನಡೆಯುತ್ತಿದ್ದ ನಾಲ್ಕು ಸೀಮೆಗಳ ಐರಿಷರಿಗೆ ಒಂದು ಕಟ್ಟಳೆ ಬಂತು. ಇಂಗ್ಲಿಷ್ ಸರ್‌ನೇಮ್ ಇಟ್ಟುಕೊಳ್ಳಬೇಕು. ಯಾವುದು ಎಂಬುದನ್ನೂ ಅದು ಹೇಳಿತು. ಊರಿನ ಹೆಸರು ಇಟ್ಟುಕೊಳ್ಳಿ, ಇಲ್ಲವೇ ಬಿಳಿ, ಕಪ್ಪು, ಕಂದು ಎಂಬ ಬಣ್ಣ, ಇಲ್ಲವೇ ಕಮ್ಮಾರ, ಬಡಗಿ ಎಂಬ ಕಸುಬು, ಇಲ್ಲವೇ ಅಡುಗೆಯವ ಎಂಬಂಥ ಹುದ್ದೆ. ಆ ಕಟ್ಟಳೆ ಎಲ್ಲ ಕಡೆ ನಡೆಯಲಿಲ್ಲ. 17ನೇ ಶತಮಾನದಲ್ಲಿ ಐರಿಷ್ ಒಡೆಯರು ಸೋತು ಜಮೀನು ಕೈಬಿಟ್ಟ ಮೇಲೆ, ಬದುಕಬೇಕಾದರೆ ಇಂಗ್ಲಿಷರಂತೆ ಕಾಣಬೇಕಾಯಿತು. ಆಗ ಓ ಮತ್ತು ಮ್ಯಾಕ್ ಸಾಲುಸಾಲಾಗಿ ಉದುರಿದವು. 1893ರಲ್ಲಿ ಗೇಲಿಕ್ ಲೀಗ್ ಎಂಬ ಐರಿಷ್ ಭಾಷೆಯ ಸಂಘ ಹುಟ್ಟಿ ಭಾಷೆಯ ಅಭಿಮಾನ ಮರಳಿದಾಗ ಜನ ಅವನ್ನು ಹುಡುಕಿ ಮತ್ತೆ ಹಚ್ಚಿಕೊಂಡರು. ಅಷ್ಟರಲ್ಲಿ ಕೆಲವು ಮನೆಗಳಿಗೆ ತಮ್ಮದು ಓ ಆಗಿತ್ತೋ ಮ್ಯಾಕ್ ಆಗಿತ್ತೋ ಮರೆತೇಹೋಗಿತ್ತು. ಕ್ಲೇರ್ ಸೀಮೆಯ ಮ್ಯಾಕ್ ಗಾರ್ಮನ್‌ಗಳು ಹೀಗೆ ಓ’ಗಾರ್ಮನ್ ಆಗಿಬಿಟ್ಟರು.

ಸ್ಕಾಟ್ಲೆಂಡಿನಲ್ಲಿ ಇದಕ್ಕಿಂತ ಘೋರವಾದದ್ದು ನಡೆಯಿತು. 1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ ಮೆಕ್‌ಗ್ರೆಗರ್ ಕುಲದವರು ಕಾಹೂನ್ ಕುಲದವರನ್ನು ಕಡಿದು ಹಾಕಿದರು. ಸ್ಕಾಟ್ಲೆಂಡಿನ ರಾಜ ಆರನೇ ಜೇಮ್ಸ್ ಆಗಷ್ಟೇ ಇಂಗ್ಲೆಂಡಿನ ಪಟ್ಟಕ್ಕೂ ಬಾಧ್ಯನಾಗಿ ಲಂಡನ್‌ಗೆ ಹೊರಟಿದ್ದ. ಹೊರಡುವ ಮುಂಚೆ, ಏಪ್ರಿಲ್ 3ರಂದು, ಅವನ ಮಂತ್ರಿಮಂಡಲ ಮೆಕ್‌ಗ್ರೆಗರ್ ಎಂಬ ಹೆಸರನ್ನೇ ರದ್ದು ಮಾಡಿತು. ಆ ಹೆಸರು ಇಟ್ಟುಕೊಂಡವರಿಗೆ ಮರಣದಂಡನೆ. ಜನ ಕ್ಯಾಂಪ್‌ಬೆಲ್, ಡ್ರಮಂಡ್, ಗ್ರಹಾಂ, ಮರ್ರೇ, ಗ್ರಾಂಟ್ ಎಂದು ಸಿಕ್ಕ ಹೆಸರಿನ ಹಿಂದೆ ಅಡಗಿದರು. 1661ರಲ್ಲಿ ನಿಷೇಧ ತೆಗೆದರು, 1693ರಲ್ಲಿ ಮತ್ತೆ ಹೇರಿದರು. ಕಥೆಗಳಲ್ಲಿ ಬರುವ ರಾಬ್ ರಾಯ್ ಮೆಕ್‌ಗ್ರೆಗರ್ ತಾಯಿಯ ಕಡೆಯ ಕ್ಯಾಂಪ್‌ಬೆಲ್ ಹೆಸರನ್ನು ಬಳಸಬೇಕಾಯಿತು. ಕೊನೆಗೆ ನಿಷೇಧ ಪೂರ್ತಿ ಹೋದದ್ದು 1774ರಲ್ಲಿ. ಅಷ್ಟು ತಲೆಮಾರುಗಳಾದ ಮೇಲೆ ಎಲ್ಲರೂ ಹಳೆಯ ಹೆಸರಿಗೆ ಮರಳಲಿಲ್ಲ. ಹಾಗಾಗಿ ಇವತ್ತಿನ ಒಬ್ಬ ಗ್ರಾಂಟ್ ಅಥವಾ ಡ್ರಮಂಡ್ ಮೂಲದಲ್ಲಿ ಮೆಕ್‌ಗ್ರೆಗರ್ ಆಗಿರಬಹುದು.

ಇದಕ್ಕೆ ತಿರುಗಾಮುರುಗಾ ಕೂಡ ಇತ್ತು. ಕುಲದ ನಾಯಕನ ಜಮೀನಿನಲ್ಲಿ ಉಳುವವರು, ಅವನ ಆಸರೆಗೆ ಬಂದವರು ಅವನ ಹೆಸರನ್ನೇ ಹಿಡಿಯುತ್ತಿದ್ದರು. ಹಿಟ್ಟಿನ ಆಸೆಗೆ ಫ್ರೇಜರ್ ಎಂದು ಹೆಸರು ಬದಲಿಸಿಕೊಂಡ ಬಡವರನ್ನು ‘ಹಿಟ್ಟಿನ ಫ್ರೇಜರ್‌ಗಳು’ ಎಂದೇ ಕರೆಯುತ್ತಿದ್ದರಂತೆ. ಸರ್‌ನೇಮ್ ಒಂದೇ ಎಂದ ಮಾತ್ರಕ್ಕೆ ರಕ್ತ ಒಂದೇ ಎಂದು ತಿಳಿಯಬಾರದು. ಹಾಗೆಯೇ, ‘ಮ್ಯಾಕ್’ ಎಂದು ಪೂರ್ತಿ ಬರೆದರೆ ಸ್ಕಾಟಿಷ್, ಮೊಟಕು ಮಾಡಿ ‘ಮೆಕ್’ ಎಂದು ಬರೆದರೆ ಐರಿಷ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಬರೆಯುವವನ ಕೈಚಳಕ, ಅಷ್ಟೇ. ಎರಡೂ ಕಡೆ ಎರಡೂ ಇವೆ.

ಕೊನೆಗೆ ನಿಮ್ಮ ಸಹೋದ್ಯೋಗಿ ಕಿಂಗ್. ಅವರು ಹೇಳುವುದು ಸರಿ ಇರುವ ಸಾಧ್ಯತೆ ಬಹಳ. ಕಾನಮಾರಾದಲ್ಲಿ ‘ಮಕ್ ಕಾನ್ ರೀ’ ಎಂಬ ಹಳೆಯ ಮನೆತನವಿದೆ. ಅದರ ನಡುವಿನ ‘ಕಾನ್’ ಮೆಕ್‌ನಮಾರಾದಲ್ಲಿ ಕಂಡ ಅದೇ ಬೇಟೆನಾಯಿ. ಕೊನೆಯ ಭಾಗ ಕೇಳಲು ‘ರೀ’ ಎಂಬಂತಿದೆ. ಐರಿಷ್‌ನಲ್ಲಿ ರೀ ಅಂದರೆ ರಾಜ. ಬರೆಯುವವರು ಕೇಳಿದ ರೀಯನ್ನು ರಾಜ ಅಂದುಕೊಂಡರು, ಕಿಂಗ್ ಎಂದು ಬರೆದರು. ಆ ಹೆಸರಿನಲ್ಲಿ ರಾಜ ಎಂದೂ ಇರಲಿಲ್ಲ. ಅದೇ ಹೆಸರನ್ನು ಇನ್ನು ಕೆಲವು ಕಡೆ ಕಾನ್‌ರಾಯ್ ಎಂದು ಬರೆದರು. ಹಾಗಾಗಿ ಅವರ ಊರಿನಲ್ಲಿ ಕಾನ್‌ರಾಯ್‌ಗಳಿದ್ದರೆ ಕೇಳಿ ನೋಡಲಿ, ದಾಯಾದಿಗಳೇ ಇರಬಹುದು.

ಖಚಿತ ಮಾಡಿಕೊಳ್ಳಲು ಮೊದಲು ಬೇಕಾದದ್ದು ಊರು. ಅಜ್ಜ ಯಾವ ಪ್ಯಾರಿಷ್‌ನವರು (ಅಂದರೆ ಯಾವ ಚರ್ಚಿನ ವ್ಯಾಪ್ತಿಯವರು), ಯಾವ ಹಳ್ಳಿಯವರು ಎಂದು ಮನೆಯ ಹಿರಿಯರನ್ನು ಕೇಳಲಿ. ಆಮೇಲೆ ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣಕ್ಕೆ ಹೋಗಿ. 1901 ಮತ್ತು 1911ರ ಜನಗಣತಿಯ ಕಾಗದಗಳು ಅಲ್ಲಿ ಪುಕ್ಕಟೆಯಾಗಿ ಸಿಗುತ್ತವೆ, ಮನೆಯ ಯಜಮಾನ ಸಹಿ ಮಾಡಿದ ಪ್ರತಿಯ ಸಮೇತ. ಕೆಲವರು ಅದನ್ನು ಐರಿಷ್‌ನಲ್ಲೇ ತುಂಬಿದ್ದಾರೆ. ಅಂಥದ್ದು ಸಿಕ್ಕರೆ ಕಿಂಗ್ ಇರುವ ಜಾಗದಲ್ಲಿ ಮಕ್ ಕಾನ್ ರೀ ಎಂದೇ ಕಾಣಬಹುದು. ಅದಕ್ಕೂ ಹಿಂದಕ್ಕೆ ಹೋಗಲು 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಜಮೀನು ಮೌಲ್ಯಮಾಪನದ ಪಟ್ಟಿ ಇದೆ. ಯಾವ ಹಳ್ಳಿಯ ಯಾವ ತುಂಡು ಯಾರ ಕೈಯಲ್ಲಿತ್ತು ಎಂದು ಅದರಲ್ಲಿ ತಿಳಿಯುತ್ತದೆ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಸುಟ್ಟುಹೋಗಿ 1821ರಿಂದ 1851ರವರೆಗಿನ ಜನಗಣತಿಗಳು ಬಹುತೇಕ ನಾಶವಾದವು, 1861ರಿಂದ 1891ರವರೆಗಿನವನ್ನು ಸರ್ಕಾರವೇ ಅದಕ್ಕೂ ಮುಂಚೆ ನಾಶ ಮಾಡಿತ್ತು. ಅದಕ್ಕೇ ಈ ಪಟ್ಟಿಗೆ ಅಷ್ಟು ಬೆಲೆ. ಹುಡುಕುವಾಗ ಕಿಂಗ್ ಎಂದೊಂದೇ ಹಾಕಬೇಡಿ. ಕಾನ್‌ರಾಯ್, ಕಾನ್ರಿ ಎಂದೂ ಹಾಕಿ ನೋಡಿ.